ಎಟ್ನಾ ರೊಸ್ಸೊ: ಸಿಸಿಲಿಯ ಜ್ವಾಲಾಮುಖಿ ತಪ್ಪಲಿನ ಕೆಂಪು ವೈನನ್ನು ಆರಿಸುವ, ಬಡಿಸುವ ಮತ್ತು ಊಟಕ್ಕೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಇಟಲಿಯ ದ್ವೀಪವಾದ ಸಿಸಿಲಿಯ ಕೆಂಪು ವೈನ್ ಎಂದರೆ ಕಡುಗಪ್ಪು ಬಣ್ಣದ, ಬಿಸಿಲಿನಲ್ಲಿ ಚೆನ್ನಾಗಿ ಮಾಗಿದ ಹಣ್ಣಿನ, ಬಾಯಿ ತುಂಬುವ ಪೇಯ ಎಂಬ ಭಾವನೆ ಹಲವರಲ್ಲಿದೆ. ಅಲ್ಲಿನ ನೆರೊ ದಾವೊಲಾ ಎಂಬ ದ್ರಾಕ್ಷಿ ತಳಿಯ ವೈನ್‌ಗಳನ್ನು ಕುಡಿದು ರೂಢಿಯಾದವರಿಗೆ ಹಾಗನಿಸುವುದು ಸಹಜವೇ. ಆದರೆ ಅದೇ ದ್ವೀಪದ ಪೂರ್ವ ಭಾಗದಲ್ಲಿ, ಎಟ್ನಾ ಜ್ವಾಲಾಮುಖಿಯ ಇಳಿಜಾರುಗಳಲ್ಲಿ ತಯಾರಾಗುವ ಎಟ್ನಾ ರೊಸ್ಸೊದ ಸ್ವಭಾವವೇ ಬೇರೆ. ಅದರ ಗ್ಲಾಸನ್ನು ಅಚ್ಚಾದ ಹಾಳೆಯ ಮೇಲೆ ಓರೆಯಾಗಿ ಹಿಡಿದರೆ ಕೆಳಗಿನ ಅಕ್ಷರಗಳನ್ನು ಓದಬಹುದು, ಬಣ್ಣ ಅಷ್ಟು ತಿಳಿ. ಒಂದು ಗುಟುಕು ಬಾಯಿಗೆ ಹಾಕಿದರೆ ಮಾತ್ರ ಒಸಡನ್ನು ಬಿಗಿಹಿಡಿಯುವ ಒಗರು, ಕೆನ್ನೆಯ ಒಳಬದಿಯಲ್ಲಿ ನೀರೂರಿಸುವ ಹುಳಿ. ಬಣ್ಣವನ್ನು ನಂಬಿ ಇದನ್ನು ಸಪ್ಪೆ ಸಲಾಡಿನ ಜೊತೆಗೋ ಬೇಯಿಸಿದ ಬಿಳಿ ಮೀನಿನ ಜೊತೆಗೋ ಇಟ್ಟವರಿಗೆ ಅದು ಕಠೋರವಾಗಿ ಕಾಣುತ್ತದೆ. ಜಿಡ್ಡು, ಉಪ್ಪು, ಟೊಮೆಟೊ ಹುಳಿ, ಕೆಂಡದ ಹೊಗೆ ಇರುವ ಅಡುಗೆಯ ಪಕ್ಕದಲ್ಲಿ ಅದೇ ಬಾಟಲಿ ಮೃದುವಾಗುತ್ತದೆ. ಆದ್ದರಿಂದ ಈ ವೈನಿನ ವಿಷಯದಲ್ಲಿ ಬಣ್ಣವನ್ನು ಬದಿಗಿಟ್ಟು, ಒಗರು ಮತ್ತು ಹುಳಿಯನ್ನೇ ಅಳತೆಗೋಲಾಗಿ ಹಿಡಿಯಬೇಕು.

ಮೊದಲ ಹೆಜ್ಜೆ: ನೆಲವನ್ನೂ ತಳಿಯನ್ನೂ ಅರಿಯುವುದು

ಎಟ್ನಾ 3,300 ಮೀಟರ್‌ಗೂ ಮೀರಿದ ಎತ್ತರದ, ಇಂದಿಗೂ ಆಗಾಗ ಬೂದಿ ಮತ್ತು ಲಾವಾ ಉಗುಳುವ ಜೀವಂತ ಜ್ವಾಲಾಮುಖಿ. ದ್ರಾಕ್ಷಿ ತೋಟಗಳು ಅದರ ಉತ್ತರ ಮಗ್ಗುಲಿನಿಂದ ಹೊರಟು ಪೂರ್ವವನ್ನು ಬಳಸಿಕೊಂಡು ನೈರುತ್ಯದವರೆಗೆ ಅರ್ಧಚಂದ್ರಾಕಾರದಲ್ಲಿ ಹಬ್ಬಿವೆ. ಹೆಚ್ಚಿನ ತೋಟಗಳಿರುವುದು ಸುಮಾರು 400ರಿಂದ 1,000 ಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಹಗಲು ಮೆಡಿಟರೇನಿಯನ್ ಬಿಸಿಲು, ರಾತ್ರಿ ಬೆಟ್ಟದ ಚಳಿ. ಹೀಗಾಗಿ ಹಣ್ಣು ನಿಧಾನವಾಗಿ ಮಾಗುತ್ತದೆ, ಸಕ್ಕರೆ ಏರಿದರೂ ಹುಳಿ ಉಳಿಯುತ್ತದೆ. ದ್ವೀಪದ ಬಯಲು ಪ್ರದೇಶಗಳಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲೇ ಕೊಯ್ಲು ಮುಗಿಯುತ್ತಿರುವಾಗ ಎಟ್ನಾದ ಕೆಂಪು ದ್ರಾಕ್ಷಿಗೆ ಸಾಮಾನ್ಯವಾಗಿ ಅಕ್ಟೋಬರ್ ಬರಬೇಕು.

ಮುಖ್ಯ ತಳಿ ನೆರೆಲ್ಲೊ ಮಸ್ಕಲೇಸೆ. ಡಿಎನ್ಎ ಅಧ್ಯಯನಗಳು ಇದನ್ನು ಸಾಂಜಿಯೊವೇಸೆ ಮತ್ತು ಮಾಂತೊನಿಕೊ ಬಿಯಾಂಕೊ ತಳಿಗಳ ಸಂತತಿಯೆಂದು ಗುರುತಿಸಿವೆ. ಹುಳಿ ಮತ್ತು ಒಗರಿನ ಬಗ್ಗೆ ಹೇಳಿದ್ದೆಲ್ಲ ಈ ತಳಿಯಿಂದಲೇ ಬರುವಂಥದ್ದು. ಜೊತೆಗಾರ ತಳಿ ನೆರೆಲ್ಲೊ ಕಪ್ಪುಚ್ಚೊ ಸ್ವಲ್ಪ ಬಣ್ಣವನ್ನೂ ಮೆದುತನವನ್ನೂ ಕೊಡುತ್ತದೆ. ಡಿಒಸಿ ನಿಯಮದ ಪ್ರಕಾರ ಎಟ್ನಾ ರೊಸ್ಸೊದಲ್ಲಿ ಕನಿಷ್ಠ ಶೇ. 80ರಷ್ಟು ಮಸ್ಕಲೇಸೆ ಇರಲೇಬೇಕು, ಕಪ್ಪುಚ್ಚೊ ಶೇ. 20ರವರೆಗೆ ಇರಬಹುದು. ಡಿಒಸಿ ಎನ್ನುವುದು ವೈನಿನ ಮೂಲ ಮತ್ತು ತಯಾರಿಕೆಯ ಕ್ರಮವನ್ನು ಕಾನೂನಿನಿಂದ ಕಟ್ಟಿಹಾಕುವ ಇಟಲಿಯ ವ್ಯವಸ್ಥೆ. ಎಟ್ನಾಗೆ ಅದು ದೊರೆತದ್ದು 1968ರಲ್ಲಿ, ಸಿಸಿಲಿಯಲ್ಲೇ ಮೊದಲು.

ಇಲ್ಲಿ ಒಂದು ಮಾತು. ಮಾರಾಟದ ಬರಹಗಳಲ್ಲಿ ಲಾವಾದ ಖನಿಜಗಳು ನೇರವಾಗಿ ಬೇರಿನ ಮೂಲಕ ಹಣ್ಣಿಗೆ ಏರಿ ವೈನಿಗೆ ಹೊಗೆಯ, ಕಬ್ಬಿಣದ ರುಚಿ ಕೊಡುತ್ತವೆ ಎಂಬ ವರ್ಣನೆ ಧಾರಾಳವಾಗಿ ಸಿಗುತ್ತದೆ. ಬಂಡೆಯ ರುಚಿ ಹಾಗೆ ನೇರವಾಗಿ ಗ್ಲಾಸಿಗೆ ಇಳಿಯುತ್ತದೆ ಎನ್ನುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಜ್ವಾಲಾಮುಖಿಯ ಮಣ್ಣು ಮಾಡುವ ಕೆಲಸ ಬೇರೆ ಬಗೆಯದು. ಮರಳಿನಂಥ ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗುವುದರಿಂದ ಬಳ್ಳಿ ಹದ ಮೀರಿ ಸೊಕ್ಕುವುದಿಲ್ಲ. 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶ ಮಾಡಿದ ಫಿಲೊಕ್ಸೆರಾ ಎಂಬ ಬೇರಿನ ಹೇನು ಅಂಥ ಮಣ್ಣಿನಲ್ಲಿ ಸುಲಭವಾಗಿ ಹರಡಲಾರದು. ಅದರಿಂದಾಗಿಯೇ ನೂರು ವರ್ಷ ದಾಟಿದ, ಕಸಿ ಮಾಡದ ಸ್ವಂತ ಬೇರಿನ ಬಳ್ಳಿಗಳು ಇಲ್ಲಿ ಅಲ್ಲಲ್ಲಿ ಉಳಿದಿವೆ. ಒಂಟಿ ಗೂಟಕ್ಕೆ ಕಟ್ಟಿ ಪೊದೆಯಾಗಿ ಬೆಳೆಸುವ ಅಲ್ಬೆರೆಲ್ಲೊ ಪದ್ಧತಿಯ ಈ ಬಳ್ಳಿಗಳ ನಡುವೆ ಯಂತ್ರ ಓಡಾಡಲಾರದು. ಕಪ್ಪು ಕಲ್ಲಿನ ಗೋಡೆ ಕಟ್ಟಿದ ಪಾವಟಿಗೆ ಜಮೀನುಗಳಲ್ಲಿ ಸವರುವುದು, ಅಗೆಯುವುದು, ಕೊಯ್ಯುವುದು ಎಲ್ಲವೂ ಕೈಯಿಂದಲೇ ನಡೆಯಬೇಕು. ಒಳ್ಳೆಯ ಎಟ್ನಾ ಬಾಟಲಿಯ ಬೆಲೆಯಲ್ಲಿ ಈ ಕೂಲಿಯ ಪಾಲು ದೊಡ್ಡದು.

ಎರಡನೆಯ ಹೆಜ್ಜೆ: ಲೇಬಲ್ ಓದಿ ಬಾಟಲಿ ಆರಿಸುವುದು

ಲೇಬಲ್ಲಿನಲ್ಲಿ ಮೊದಲು ಹುಡುಕಬೇಕಾದದ್ದು ‘ಎಟ್ನಾ ರೊಸ್ಸೊ’ ಎಂಬ ಹೆಸರನ್ನು. ‘ಎಟ್ನಾ ಬಿಯಾಂಕೊ’ ಎಂದಿದ್ದರೆ ಅದು ಕರ್ರಿಕಾಂತೆ ತಳಿಯ ಬಿಳಿ ವೈನ್. ‘ರಿಸೆರ್ವಾ’ ಎಂದಿದ್ದರೆ ಕನಿಷ್ಠ ನಾಲ್ಕು ವರ್ಷ, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಯಲ್ಲಿ ಮಾಗಿಸಿದ್ದು ಎಂದರ್ಥ.

ಅದಾದ ಮೇಲೆ ಕೊಂತ್ರಾದಾದ ಹೆಸರಿದೆಯೇ ನೋಡಬೇಕು. ಕೊಂತ್ರಾದಾ ಎಂದರೆ ಊರಿನೊಳಗಿನ, ಹೆಸರು ಮತ್ತು ಗಡಿ ಗೊತ್ತಾದ ಒಂದು ತುಂಡು ಭೂಮಿ. ಎಟ್ನಾದಲ್ಲಿ ಇಂಥವು ನೂರಮೂವತ್ತಕ್ಕೂ ಹೆಚ್ಚಿವೆ. 2011ರ ನಿಯಮ ಪರಿಷ್ಕರಣೆಯ ನಂತರ ಇವುಗಳ ಹೆಸರನ್ನು ಲೇಬಲ್ಲಿನ ಮೇಲೆ ಹಾಕುವುದಕ್ಕೆ ಅವಕಾಶವಾಯಿತು. ಬೇರೆ ಬೇರೆ ಕಾಲದ ಲಾವಾ ಹರಿವುಗಳು ಒಂದರ ಪಕ್ಕ ಒಂದು ಬಿದ್ದಿರುವುದರಿಂದ ರಸ್ತೆಯ ಈ ಬದಿಯ ಮಣ್ಣು ಪುಡಿಪುಡಿ, ಆ ಬದಿಯದು ಕಲ್ಲು ಎನ್ನುವಂತಿರುತ್ತದೆ. ಕಲ್ಲು ತುಂಬಿದ ಕಾಲ್ದೆರಾರಾ ಸೊತ್ತಾನಾದ ವೈನ್ ಗಟ್ಟಿ ಮೈಕಟ್ಟಿನದು. ಎತ್ತರದ ಗುವಾರ್ದಿಯೊಲಾ, ರಾಂಪಾಂತೆಗಳದು ತೆಳುವಾದ, ಬಿಗಿಯಾದ ಶೈಲಿ. ತಗ್ಗಿನ ಫೆಯೂದೊ ದಿ ಮೆತ್ಸೊದಲ್ಲಿ ಹಣ್ಣುತನ ಮುಂದಾಗಿ ಕಾಣುತ್ತದೆ. ತಯಾರಕರ ಕೈ ಈ ವ್ಯತ್ಯಾಸವನ್ನು ಅಳಿಸುವುದೂ ಉಂಟಾದ್ದರಿಂದ ಇದನ್ನು ಕಟ್ಟಳೆಯೆಂದು ತಿಳಿಯಬಾರದು.

ಮಗ್ಗುಲುಗಳ ಲೆಕ್ಕವೂ ಉಪಯುಕ್ತ. ಕಾಸ್ತಿಲ್ಯೊನೆ ದಿ ಸಿಚಿಲಿಯಾ, ಪಾಸ್ಸೊಪಿಶಾರೊ, ಸೊಲಿಕ್ಕಿಯಾತಾ, ರಾಂದಾತ್ಸೊಗಳಿರುವ ಉತ್ತರ ಮಗ್ಗುಲು ಕೆಂಪು ವೈನಿನ ತವರು. ಕಡಲಿಗೆ ಮುಖ ಮಾಡಿ ಹೆಚ್ಚು ಮಳೆ ಪಡೆಯುವ ಪೂರ್ವದ ಮೀಲೊ ಬಿಳಿಗೆ ಹೆಸರಾದದ್ದು. ಆಗ್ನೇಯದ ವಿಯಾಗ್ರಾಂದೆ ಮತ್ತು ತ್ರೆಕಾಸ್ತಾನ್ಯಿಗಳಲ್ಲಿ ಎರಡೂ ಆಗುತ್ತವೆ. ನೈರುತ್ಯದ ಬಿಯಾಂಕಾವಿಲ್ಲಾ ಕಡೆಯ ಕೆಂಪು ತುಸು ಬೆಚ್ಚಗೆ, ಅಗಲವಾಗಿರುತ್ತದೆ. ಮೊದಲ ಬಾಟಲಿಗೆ ಉತ್ತರವನ್ನೇ ಆರಿಸಿರಿ.

ತಯಾರಕರಲ್ಲಿ ಬೆನಾಂತಿ ಕುಟುಂಬದ್ದು 1988ರಿಂದ ನಡೆದುಬಂದ ಹೆಸರು, ಎಟ್ನಾದ ಇಂದಿನ ಪುನರುತ್ಥಾನದ ಆರಂಭವನ್ನು ಬಹಳ ಮಂದಿ ಅಲ್ಲಿಂದಲೇ ಎಣಿಸುತ್ತಾರೆ. 2000ದ ಆಸುಪಾಸಿನಲ್ಲಿ ಆಂದ್ರೆಯಾ ಫ್ರಾಂಕೆತ್ತಿ, ಮಾರ್ಕೊ ದೆ ಗ್ರಾತ್ಸಿಯಾ, ಬೆಲ್ಜಿಯಂನ ಫ್ರಾಂಕ್ ಕೊರ್ನೆಲಿಸ್ಸೆನ್ ಮುಂತಾದ ಹೊರಗಿನವರು ಉತ್ತರ ಮಗ್ಗುಲಿಗೆ ಬಂದು ಪಾಳುಬಿದ್ದಿದ್ದ ತೋಟಗಳನ್ನು ಎಬ್ಬಿಸಿದರು. ಸ್ಥಳೀಯರಾದ ಗ್ರಾಚಿ, ಜಿರೊಲಾಮೊ ರುಸ್ಸೊ, ಪಿಯೆತ್ರಾದೊಲ್ಚೆ, ಇ ವಿಞ್ಞೇರಿ ಹೆಸರುಗಳೂ ನಂಬಿಕೆಗೆ ಅರ್ಹ. ಡಿಒಸಿ ಮುದ್ರೆಯಿಲ್ಲದೆ ‘ತೆರ್ರೆ ಸಿಚಿಲಿಯಾನೆ’ ಎಂದಷ್ಟೇ ಬರೆದ ಬಾಟಲಿಯನ್ನು ಕೀಳೆಂದು ತಳ್ಳಿಹಾಕಬೇಡಿ. ಫ್ರಾಂಕೆತ್ತಿ ಕಟ್ಟಿದ ಪಾಸ್ಸೊಪಿಶಾರೊ ಸಂಸ್ಥೆಯ ಕೊಂತ್ರಾದಾ ವೈನ್‌ಗಳೂ ಕೊರ್ನೆಲಿಸ್ಸೆನ್ ಅವರ ಮಾಗ್ಮಾ ಕೂಡ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ವರ್ಷವನ್ನು ಆರಿಸುವಾಗ ಉಳಿದ ಇಟಲಿಯ ಪಟ್ಟಿಗಳನ್ನು ಎಟ್ನಾಗೆ ಅನ್ವಯಿಸುವುದು ತಪ್ಪುದಾರಿ. 2014ರಲ್ಲಿ ಮಳೆಯಿಂದಾಗಿ ಇಟಲಿಯ ಹಲವು ಭಾಗಗಳ ವೈನ್ ಸೊರಗಿತು, ಎಟ್ನಾದಲ್ಲಿ ಮಾತ್ರ ಅದು ಅತ್ಯುತ್ತಮ ವರ್ಷಗಳಲ್ಲೊಂದಾಯಿತು. 2018 ಅಲ್ಲಿ ತೇವದ, ಕಷ್ಟದ ವರ್ಷ. ಕೊಂತ್ರಾದಾ ಹೆಸರಿಲ್ಲದ ಸಾಧಾರಣ ರೊಸ್ಸೊವನ್ನು ಕೊಯ್ಲಿನಿಂದ ಮೂರರಿಂದ ಆರು ವರ್ಷದೊಳಗೆ ಕುಡಿಯುವುದು ಒಳ್ಳೆಯದು. ಒಳ್ಳೆಯ ಕೊಂತ್ರಾದಾ ವೈನ್ ಹತ್ತು ವರ್ಷ ದಾಟಿಯೂ ನಿಲ್ಲುತ್ತದೆ. ಮೊದಲ ಸಲ ಕೊಳ್ಳುವವರು ದುಬಾರಿ ಕೊಂತ್ರಾದಾದ ಎಳೆಯ ಬಾಟಲಿಗಿಂತ ಅದೇ ತಯಾರಕರ ಸಾಧಾರಣ ರೊಸ್ಸೊವನ್ನು ಕೊಳ್ಳಲಿ ಎಂಬುದು ನನ್ನ ಸಲಹೆ. ಎಳೆಯ ಕೊಂತ್ರಾದಾ ವೈನ್ ಹಣ ಕೊಟ್ಟವರ ತಾಳ್ಮೆಯನ್ನು ಪರೀಕ್ಷಿಸುವುದೇ ಹೆಚ್ಚು.

ಮೂರನೆಯ ಹೆಜ್ಜೆ: ತಂಪು, ಗಾಳಿ, ಗ್ಲಾಸು

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಹಳೆಯ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಬೆಂಗಳೂರಿನ ಏಪ್ರಿಲ್ ತಿಂಗಳಲ್ಲೋ ಮಂಗಳೂರಿನಲ್ಲಿ ಯಾವ ತಿಂಗಳಲ್ಲೇ ಆಗಲಿ ಆ ಮಾತನ್ನು ಪಾಲಿಸಿದರೆ ವೈನ್ ಹಾಳಾದಂತೆಯೇ. 28 ಡಿಗ್ರಿಯಲ್ಲಿ ಎಟ್ನಾ ರೊಸ್ಸೊದ ಆಲ್ಕೊಹಾಲ್ ಮೂಗಿಗೆ ಅಡರುತ್ತದೆ, ಹೂವಿನ ಪರಿಮಳ ಅಡಗುತ್ತದೆ. ಎಳೆಯ ರೊಸ್ಸೊಗೆ 14ರಿಂದ 16 ಡಿಗ್ರಿ, ಮಾಗಿದ ಅಥವಾ ಕೊಂತ್ರಾದಾ ವೈನಿಗೆ 16ರಿಂದ 18 ಡಿಗ್ರಿ ಸೂಕ್ತ. ಸೆಕೆಯ ಊರಿನಲ್ಲಿ ಬಾಟಲಿಯನ್ನು ಬಡಿಸುವ ಒಂದು ಗಂಟೆ ಮೊದಲು ಫ್ರಿಜ್ಜಿನಲ್ಲಿಟ್ಟರೆ ಹೆಚ್ಚುಕಡಿಮೆ ಈ ಹದಕ್ಕೆ ಬರುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ. ಅತಿಯಾಗಿ ತಣ್ಣಗಾದರೆ ಒಗರು ಇನ್ನೂ ಗಡುಸಾಗುತ್ತದೆ ಎಂಬುದೂ ನೆನಪಿರಲಿ. ಹದ ತಪ್ಪುವುದಿದ್ದರೆ ತುಸು ತಣ್ಣನೆಯ ಕಡೆಗೇ ತಪ್ಪಲಿ, ಗ್ಲಾಸಿನಲ್ಲಿ ಅದು ತಾನಾಗಿ ಬೆಚ್ಚಗಾಗುತ್ತದೆ.

ಎಳೆಯ ಕೊಂತ್ರಾದಾ ವೈನನ್ನು ಅಗಲ ಬುಡದ ಡಿಕ್ಯಾಂಟರಿಗೋ ಸ್ವಚ್ಛವಾದ ಗಾಜಿನ ಹೂಜಿಗೋ ಸುರಿದು ಒಂದು ಗಂಟೆ ಬಿಟ್ಟರೆ ಗಾಳಿಯಾಡಿ ಬಿಗಿ ಸಡಿಲಗೊಳ್ಳುತ್ತದೆ. ಹತ್ತು ವರ್ಷ ದಾಟಿದ ಬಾಟಲಿಗೆ ಈ ಉಪಚಾರ ಬೇಡ. ಅದನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ಬುಡಕ್ಕೆ ಇಳಿದ ಮೇಲೆ ಅಲುಗಾಡಿಸದೆ ನೇರವಾಗಿ ಗ್ಲಾಸಿಗೆ ಸುರಿಯಿರಿ. ಗ್ಲಾಸು ದೊಡ್ಡ ಹೊಟ್ಟೆಯದಾಗಿರಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ನಾಲ್ಕನೆಯ ಹೆಜ್ಜೆ: ರುಚಿ ನೋಡುವುದು

ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಅಂಚನ್ನು ನೋಡಿರಿ. ಎಳೆಯದರ ಅಂಚು ತಿಳಿ ಕೆಂಪು, ಐದಾರು ವರ್ಷ ಕಳೆದದ್ದರ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಈ ತಳಿಯಲ್ಲಿ ಅಂಚು ಬೇಗ ಮಾಸುವುದು ಸಹಜವಾದ್ದರಿಂದ ಅದನ್ನು ಕಂಡು ವೈನ್ ಕೆಟ್ಟಿದೆಯೆಂದು ಹೆದರಬೇಕಿಲ್ಲ. ಮೂಗಿಗೆ ಮೊದಲು ಹುಳಿ ಚೆರ್ರಿ, ಸ್ಟ್ರಾಬೆರಿ, ಕೆಲವೊಮ್ಮೆ ದಾಳಿಂಬೆ ಬರುತ್ತದೆ. ಹಿಂದೆಯೇ ಕಿತ್ತಳೆ ಸಿಪ್ಪೆ, ಒಣಗಿದ ಗುಲಾಬಿ, ಒರೆಗಾನೊದಂಥ ಒಣ ಸೊಪ್ಪಿನ ವಾಸನೆ ಮತ್ತು ಆರಿದ ಒಲೆಯ ಹೊಗೆ. ಮಾಗಿದ ಬಾಟಲಿಯಲ್ಲಿ ತೊಗಲು, ತಂಬಾಕು ಮತ್ತು ಕಾಡಿನ ತರಗೆಲೆಯ ವಾಸನೆ ಸೇರಿಕೊಳ್ಳುತ್ತದೆ. ವೆನಿಲ್ಲಾ, ಕೊಬ್ಬರಿಯ ವಾಸನೆಯೇ ಎದ್ದು ಕಂಡರೆ ತಯಾರಕರು ಹೊಸ ಓಕ್ ಪೀಪಾಯಿ ಬಳಸಿದ್ದಾರೆ ಎಂದರ್ಥ. ಇಷ್ಟು ಸೂಕ್ಷ್ಮವಾದ ತಳಿಗೆ ಅದು ಅನ್ಯಾಯ ಎಂಬ ಅಭಿಪ್ರಾಯ ನನ್ನದು. ಹಳೆಯ ದೊಡ್ಡ ಪೀಪಾಯಿಗಳೇ ಇದಕ್ಕೆ ಒಪ್ಪುತ್ತವೆ.

ಗುಟುಕನ್ನು ಬಾಯಲ್ಲಿ ಒಮ್ಮೆ ಆಡಿಸಿ, ನುಂಗಿದ ಮೇಲೆ ಎರಡನ್ನು ಗಮನಿಸಿರಿ: ಮೇಲ್ದುಟಿಯ ಒಳಭಾಗ ಎಷ್ಟು ಒಣಗಿದಂತೆ ಎನಿಸುತ್ತದೆ, ಬಾಯಿಯ ಬದಿಗಳಲ್ಲಿ ಎಷ್ಟು ಬೇಗ ನೀರೂರುತ್ತದೆ. ಮೊದಲನೆಯದು ಒಗರಿನ, ಎರಡನೆಯದು ಹುಳಿಯ ಅಳತೆ. ಬಣ್ಣದಲ್ಲಿ ಇದನ್ನು ಫ್ರಾನ್ಸಿನ ಬರ್ಗಂಡಿಯ ಪಿನೊ ನೊಯಾರ್ ತಳಿಗೆ, ಒಗರಿನಲ್ಲಿ ಉತ್ತರ ಇಟಲಿಯ ಬರೋಲೊದ ನೆಬ್ಬಿಯೋಲೊ ತಳಿಗೆ ಹೋಲಿಸುವುದು ರೂಢಿ. ಊಟದ ಲೆಕ್ಕಕ್ಕೆ ಎರಡನೆಯ ಹೋಲಿಕೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಐದನೆಯ ಹೆಜ್ಜೆ: ಊಟಕ್ಕೆ ಹೊಂದಿಸುವುದು

ನಿಯಮಗಳು ಕೆಲವೇ. ಒಗರನ್ನು ಕೊಬ್ಬು, ಪ್ರೋಟೀನು ಮತ್ತು ಉಪ್ಪು ಪಳಗಿಸುತ್ತವೆ. ಅಡುಗೆಯ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯಾಗುತ್ತದೆ, ಎಟ್ನಾದಲ್ಲಿ ಹುಳಿ ಬೇಕಾದಷ್ಟಿರುವುದರಿಂದ ಇದಕ್ಕೆ ಟೊಮೆಟೊದ ಭಯವಿಲ್ಲ. ಮೆಣಸಿನಕಾಯಿಯ ಖಾರ ಮಾತ್ರ ಒಗರನ್ನೂ ಆಲ್ಕೊಹಾಲಿನ ಉರಿಯನ್ನೂ ಹೆಚ್ಚಿಸುತ್ತದೆ. ಸಿಹಿ ಅಡುಗೆಯ ಮುಂದೆ ವೈನ್ ಹಣ್ಣುತನ ಕಳೆದುಕೊಂಡು ಬರಿಯ ಹುಳಿಯಾಗಿ ಉಳಿಯುತ್ತದೆ.

ಈ ನಿಯಮಗಳೆಲ್ಲ ಒಂದೇ ತಟ್ಟೆಯಲ್ಲಿ ಕೂಡಿಬರುವುದು ಎಟ್ನಾದ ಬುಡದಲ್ಲಿರುವ ಕತಾನಿಯಾ ನಗರದ ಪಾಸ್ತಾ ಅಲ್ಲಾ ನೊರ್ಮಾದಲ್ಲಿ. ಮಾಂಸವಿಲ್ಲದ ಅಡುಗೆಗೆ ಕೆಂಪು ವೈನ್ ಹೊಂದದು ಎನ್ನುವವರು ಇದನ್ನು ಮಾಡಿ ನೋಡಬೇಕು. ನಾಲ್ವರಿಗೆ ಎರಡು ಮಧ್ಯಮ ಗಾತ್ರದ ದಪ್ಪ ಬದನೆಕಾಯಿಗಳನ್ನು ಅರ್ಧ ಇಂಚಿನ ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ, ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟು ಒರೆಸಿಕೊಳ್ಳಿ. ಧಾರಾಳ ಆಲಿವ್ ಎಣ್ಣೆಯಲ್ಲಿ ಎರಡೂ ಬದಿ ಕಂದುಬಣ್ಣ ಬರುವಂತೆ ಕರಿಯಿರಿ. ಎಣ್ಣೆ ಉಳಿಸಲು ಹೋಗಿ ಓವನ್ನಿನಲ್ಲಿ ಬೇಯಿಸಿದರೆ ಅಡುಗೆ ಕೆಡುವುದಿಲ್ಲ, ಆದರೆ ವೈನಿನ ಒಗರನ್ನು ಹಿಡಿದು ನಿಲ್ಲಿಸುವ ಜಿಡ್ಡು ಕಡಿಮೆಯಾಗುತ್ತದೆ. ಬೇರೆ ಬಾಣಲೆಯಲ್ಲಿ ಎರಡೆಸಳು ಬೆಳ್ಳುಳ್ಳಿಯನ್ನು ಎಣ್ಣೆಗೆ ಹಾಕಿ, ಸಿಪ್ಪೆ ತೆಗೆದ ಮುಕ್ಕಾಲು ಕಿಲೋ ಟೊಮೆಟೊ ಹಿಚುಕಿ ಸೇರಿಸಿ, ಎಣ್ಣೆ ಬಿಡುವ ತನಕ ಇಪ್ಪತ್ತೈದು ನಿಮಿಷದಷ್ಟು ಕುದಿಸಿ. ಇಳಿಸುವ ಮುನ್ನ ಇಟಾಲಿಯನ್ ತುಳಸಿಯ, ಅಂದರೆ ಬೇಸಿಲ್‌ನ, ಎಲೆಗಳನ್ನು ಕೈಯಿಂದ ಹರಿದು ಹಾಕಿ. 400 ಗ್ರಾಂ ರಿಗಾತೋನಿಯನ್ನು, ಅಂದರೆ ಕೊಳವೆಯಾಕಾರದ ಪಾಸ್ತಾವನ್ನು, ತುಸು ಗಟ್ಟಿ ಇರುವಾಗಲೇ ಬಸಿದು ಈ ಸಾರಿನಲ್ಲಿ ಕಲಸಿ, ಬದನೆ ಬಿಲ್ಲೆಗಳನ್ನು ಮೇಲೆ ಜೋಡಿಸಿ, ಉಪ್ಪು ಹಾಕಿ ಒಣಗಿಸಿದ ಕುರಿಹಾಲಿನ ಗಿಣ್ಣಾದ (ಚೀಸ್) ರಿಕೊತ್ತಾ ಸಲಾತಾವನ್ನು ಮೇಲೆ ಧಾರಾಳವಾಗಿ ತುರಿಯಿರಿ. ಅದು ಸಿಗದ ಕಡೆ ಪನೀರಿಗೆ ಉಪ್ಪು ಸವರಿ, ಭಾರ ಹೇರಿ, ಫ್ರಿಜ್ಜಿನಲ್ಲಿ ಎರಡು ದಿನ ನೀರು ಬಸಿದು ಬಳಸಬಹುದು, ರುಚಿ ಅದೇ ಅಲ್ಲದಿದ್ದರೂ ಕೆಲಸ ಅದೇ. ಇದಕ್ಕೆ ಕೊಂತ್ರಾದಾ ಬೇಕಿಲ್ಲ, 15 ಡಿಗ್ರಿಯ ಸಾಧಾರಣ ರೊಸ್ಸೊ ಸಾಕು.

ಮಾಂಸಾಹಾರದಲ್ಲಿ ಹತ್ತಿರದ ಸಂಬಂಧಿ ಲಿಂಗ್ವಾಗ್ಲೊಸ್ಸಾ ಊರಿನ ಹಂದಿಮಾಂಸದ ಸಾಸೇಜ್. ಮರದ ದಿಮ್ಮಿಯ ಮೇಲೆ ಚಾಕುವಿನಿಂದ ಕೊಚ್ಚಿದ ಮಾಂಸಕ್ಕೆ ಕಾಡು ಸೋಂಪು ಸೇರಿಸಿ ಮಾಡಿದ ಇದನ್ನು ಕೆಂಡದ ಮೇಲೆ ಸುಟ್ಟಾಗ ಕೊಬ್ಬು, ಹೊಗೆ, ಸೋಂಪು ಮೂರೂ ವೈನಿನ ಒಣ ಸೊಪ್ಪಿನ ವಾಸನೆಗೆ ಜೋಡಿಯಾಗುತ್ತವೆ. ಪಕ್ಕದ ನೆಬ್ರೊದಿ ಬೆಟ್ಟಗಳ ಕಪ್ಪು ಹಂದಿಯ ಮಾಂಸ, ಕೆಂಡದ ಕುರಿಮಾಂಸ, ಎಟ್ನಾದ ಕಾಡಿನ ಪೊರ್ಚಿನಿ ಅಣಬೆ ಇವೆಲ್ಲ ಮಾಗಿದ ಬಾಟಲಿಗೆ ಒಪ್ಪುವಂಥವು. ಅಣಬೆಯ ಜೊತೆಗಂತೂ ಹತ್ತು ವರ್ಷದ ವೈನನ್ನೇ ತೆರೆಯಬೇಕು, ಎರಡರದೂ ಒಂದೇ ಕಾಡಿನ ವಾಸನೆ. ಗಿಣ್ಣುಗಳಲ್ಲಿ ಕಾಳುಮೆಣಸು ಹುದುಗಿಸಿದ ಪೆಕೊರಿನೊ ಮತ್ತು ಮಾಗಿದ ರಗುಸಾನೊ ಉತ್ತಮ. ಮೆದುವಾದ, ಬಿಳಿ ಬೂಸ್ಟಿನ ಗಿಣ್ಣು ಈ ಒಗರಿನ ಜೊತೆ ಕಹಿಯಾಗುತ್ತದೆ.

ಮೀನಿನ ವಿಷಯದಲ್ಲಿ ಎಚ್ಚರ ಬೇಕು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಸೇರಿ ಲೋಹದಂಥ ಹಿನ್ನಾತ ಬಿಡುವುದುಂಟು. ಬೂತಾಯಿಯಂಥ ಜಿಡ್ಡಿನ ಮೀನಿಗೆ ಇದನ್ನು ಇಡಬೇಡಿ. ಟೊಮೆಟೊ, ಆಲಿವ್, ಕೇಪರ್ ಹಾಕಿ ಬೇಯಿಸಿದ ಟ್ಯೂನಾ ಅಥವಾ ಕತ್ತಿಮೀನಿನ ದಪ್ಪ ತುಂಡುಗಳು ತಣ್ಣಗಿಟ್ಟ ಎಳೆಯ ರೊಸ್ಸೊವನ್ನು ಸಹಿಸುತ್ತವೆ. ವಿನೆಗರ್ ಮತ್ತು ಸಕ್ಕರೆ ಎರಡೂ ಇರುವ ಬದನೆಯ ಕಪೊನಾತಾವನ್ನು ಸಿಸಿಲಿಯ ಅಡುಗೆ ಎಂಬ ಒಂದೇ ಕಾರಣಕ್ಕೆ ಎಟ್ನಾದ ಜೊತೆ ಸೂಚಿಸುವವರಿದ್ದಾರೆ. ನನಗೆ ಆ ಜೋಡಿ ಒಪ್ಪಿಗೆಯಿಲ್ಲ, ಬೆಲೆಬಾಳುವ ಬಾಟಲಿಯನ್ನಂತೂ ಅದರ ಮುಂದೆ ತೆರೆಯಲೇಬಾರದು.

ಕನ್ನಡದ ಮನೆಗಳ ಅಡುಗೆಗೆ ಇದೇ ಅಳತೆಗೋಲು ಹಿಡಿದರೆ ಗುಂಟೂರು ಮೆಣಸಿನಕಾಯಿಯ ಖಾರದ ಸಾರುಗಳು ದೂರ ಉಳಿಯುತ್ತವೆ. ಕೊಡಗಿನ ಪಂದಿ ಕರಿಯಲ್ಲಿ ಹಂದಿಯ ಕೊಬ್ಬು, ಹುರಿದ ಕಾಳುಮೆಣಸು, ಕಾಚಂಪುಳಿಯ ಕಪ್ಪು ಹುಳಿ ಇರುವುದರಿಂದ, ಹಸಿಮೆಣಸಿನಕಾಯಿಯನ್ನು ಹದವಾಗಿ ಹಾಕಿದ್ದರೆ, ಅದು ಎಟ್ನಾಗೆ ನಿಜಕ್ಕೂ ಹತ್ತಿರವಾಗುತ್ತದೆ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಬೆಲ್ಲ ಬಿಟ್ಟು, ಖಾರ ತಗ್ಗಿಸಿ ಮಾಡಿದರೆ ಅದಕ್ಕೂ ಅವಕಾಶವಿದೆ.

ಆರನೆಯ ಹೆಜ್ಜೆ: ಬಾಟಲಿಗಳ ಸರದಿ ಮತ್ತು ಉಳಿದ ವೈನ್

ನಾಲ್ವರ ಊಟಕ್ಕೆ ಎರಡು ಬಾಟಲಿ ಇದ್ದರೆ ಎಳೆಯದನ್ನು ಪಾಸ್ತಾದ ಜೊತೆ ಮೊದಲು, ಮಾಗಿದ್ದನ್ನು ಮಾಂಸ ಅಥವಾ ಅಣಬೆಯ ಜೊತೆ ನಂತರ ಇಡಿ. 750 ಮಿಲಿಲೀಟರಿನ ಒಂದು ಬಾಟಲಿಯಿಂದ 150 ಮಿಲಿಲೀಟರಿನ ಐದು ಗ್ಲಾಸುಗಳಾಗುತ್ತವೆ, ಆದ್ದರಿಂದ ಪ್ರತಿ ಸರದಿಯಲ್ಲೂ ತಲೆಗೆ ಒಂದರಂತೆ ಸುರಿದ ಮೇಲೂ ತುಸು ಉಳಿಯುತ್ತದೆ. ಉಳಿದದ್ದನ್ನು ಬಿರಡೆ ಒತ್ತಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಎಳೆಯ ಕೊಂತ್ರಾದಾ ವೈನ್ ಮರುದಿನ ಇನ್ನಷ್ಟು ಬಿಚ್ಚಿಕೊಂಡಿರುವುದೇ ಹೆಚ್ಚು, ಹಳೆಯ ವೈನ್ ಮಾತ್ರ ಆ ರಾತ್ರಿಯೇ ಮುಗಿಯಬೇಕು. ಮೂರನೆಯ ದಿನಕ್ಕೆ ಉಳಿದ ಅರ್ಧ ಗ್ಲಾಸನ್ನು ಕುಡಿಯಲು ಹೋಗದೆ, ಬೆಣ್ಣೆಯಲ್ಲಿ ಹುರಿದ ಅಣಬೆಗೆ ಸುರಿದು, ದೊಡ್ಡ ಉರಿಯಲ್ಲಿ ಬತ್ತಿಸಿ ಬಿಡಿ.